ಗುಲಾಬಿ ದಳ ಕೆಡದಂತೆ ಒಣಗಿಸುವುದು ಹೇಗೆ?

ದಳ ಒಣಗಿಸಿ ಡಬ್ಬಿಗೆ ಹಾಕಿದರೆ ಬಣ್ಣ ಕೆಟ್ಟು ಬೂಷ್ಟು ಬರುತ್ತದೆ ಅಂತ ಕೇಳಿದ್ದೀರಿ. ಮೊದಲು ಬಿಸಿಲಿಗಿಡೋದು ಬಿಡಿ, ಬಣ್ಣ, ಪರಿಮಳ ಎರಡೂ ಹೋಗುತ್ತವೆ. ಇಬ್ಬನಿ ಆರಿದ ಮೇಲೆ ಹೂ ಕಿತ್ತು, ದಳ ಬಿಡಿಸಿ, ಹತ್ತಿ ಬಟ್ಟೆ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಗಾಳಿಯಾಡುವ ನೆರಳಲ್ಲಿಟ್ಟು ದಿನಕ್ಕೊಮ್ಮೆ ಕೈಯಾಡಿಸಿ. ಸಾಮಾನ್ಯವಾಗಿ 4-5 ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಆಗ ಫ್ಯಾನ್ ಕೆಳಗಿಡಿ. ಹಿಸುಕಿದರೆ ಗರಿಗರಿಯಾಗಿ ಪುಡಿಯಾಗಬೇಕು. ಗಾಜಿನ ಡಬ್ಬಿಗೆ ತುಂಬಿ ಮರುದಿನ ನೋಡಿ, ಒಳಗೆ ತೇವ ಕಂಡರೆ ಮತ್ತೆ ಹರಡಿ, ಬೂಷ್ಟು ಬರುವುದು ಇದರಿಂದಲೇ. ಕಡುಗೆಂಪು ಹೂ ಒಣಗಿದಾಗ ಕಪ್ಪಾಗಿಯೇ ಕಾಣುತ್ತದೆ, ಅದು ಕೆಟ್ಟಿದೆ ಅಂತಲ್ಲ. ಬಣ್ಣ ಮುಖ್ಯ ಅಂದರೆ ಪನ್ನೀರು ಗುಲಾಬಿ ತಗೊಳ್ಳಿ. ಚಹಾಕ್ಕೆ ಹಾಕೋದಾದರೆ ಅಂಗಡಿಯ ಬೊಕೆ ಹೂ ಖಂಡಿತ ಬೇಡ, ಅದಕ್ಕೆ ಕೀಟನಾಶಕ ಹೊಡೆದಿರುತ್ತಾರೆ.