ಝೆಜಿಯಾಂಗ್ ವಿಶ್ವವಿದ್ಯಾಲಯದಿಂದ ಇಷ್ಟೊಂದು ಲೇಖನ ಹೇಗೆ?

ಚೀನಾದ ಹಾಂಗ್‌ಝೌನ ಝೆಜಿಯಾಂಗ್ ವಿಶ್ವವಿದ್ಯಾಲಯದಿಂದ ಇಷ್ಟೊಂದು ಸಂಶೋಧನಾ ಲೇಖನ ಹೇಗೆ ಬರುತ್ತವೆ, ಪಿಎಚ್‌ಡಿಗೆ ಅದನ್ನು ನಂಬಿ ಹೋಗಬಹುದಾ ಅಂತ ಕೇಳಿದ್ದೀರಿ. ಮೊದಲು ಅದರ ಗಾತ್ರ ನೋಡಿ. 1998ರಲ್ಲಿ ಅದೇ ಊರಿನ ನಾಲ್ಕು ವಿಶ್ವವಿದ್ಯಾಲಯಗಳನ್ನು ಸೇರಿಸಿ ಒಂದು ಮಾಡಿದರು. ಎಂಜಿನಿಯರಿಂಗ್, ಕೃಷಿ, ವೈದ್ಯಕೀಯ ಎಲ್ಲವೂ ಈಗ ಒಂದೇ ಹೆಸರಲ್ಲಿ ಎಣಿಕೆಯಾಗುತ್ತವೆ. ಜೊತೆಗಿರುವ ದೊಡ್ಡ ಆಸ್ಪತ್ರೆಗಳ ವೈದ್ಯರೂ ಬರೆಯುತ್ತಾರೆ. ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ.

ಹಾಗಂತ ಸುಮ್ನೆ ರಾಶಿ ಅಂತ ತಳ್ಳಿಹಾಕಬೇಡಿ. ಅಲ್ಲಿ ಒಳ್ಳೆಯ ಕೆಲಸ ನಿಜವಾಗಿಯೂ ಆಗುತ್ತಿದೆ. ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ಅಳೆಯುವ, ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಪಟ್ಟಿಯಾದ ಲೈಡನ್ ರ‍್ಯಾಂಕಿಂಗ್ ತೆರೆದರೆ ಎರಡು ಲೆಕ್ಕ ಬೇರೆ ಬೇರೆ ಸಿಗುತ್ತವೆ. ಒಂದು, ಒಟ್ಟು ಲೇಖನ ಎಷ್ಟು. ಇನ್ನೊಂದು, ಅವುಗಳಲ್ಲಿ ಎಷ್ಟು ಪಾಲು ತಮ್ಮ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖವಾದ ಶೇ. 10ರೊಳಗೆ ಬರುತ್ತವೆ. ಮೊದಲನೆಯದು ದೊಡ್ಡ ಸಂಸ್ಥೆಗೆ ಅನುಕೂಲ. ಎರಡನೆಯದರಲ್ಲಿ ಹಾರ್ವರ್ಡ್ ಇನ್ನೂ ಮುಂದಿದೆ.

ಹಿಂದೆ ಚೀನಾದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಲೇಖನ ಪ್ರಕಟಿಸಿದರೆ ನಗದು ಬಹುಮಾನ ಸಿಗುತ್ತಿತ್ತು. 2020ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿ ಎಂದಿತು. ಒಳ್ಳೆಯ ಹೆಜ್ಜೆ.

ನೀವು ರ‍್ಯಾಂಕ್ ಬಿಡಿ. ನಿಮಗೆ ಸಿಗಬಹುದಾದ ಮಾರ್ಗದರ್ಶಕರ ಇತ್ತೀಚಿನ ನಾಲ್ಕೈದು ಲೇಖನ ಓದಿ. ಬೇರೆ ದೇಶದ ತಂಡಗಳು ಅವನ್ನು ಬಳಸಿಕೊಂಡಿವೆಯಾ ನೋಡಿ. ಅವರ ಹಳೆಯ ವಿದ್ಯಾರ್ಥಿಗಳಿಗೂ ಒಂದು ಇಮೇಲ್ ಹಾಕಿ.