ಕರ್ನಾಟಕದ ರೈತರು ಬಹುರಾಷ್ಟ್ರೀಯ ಬೀಜ ಕಂಪನಿಗಳ ವಿರುದ್ಧ ತಿರುಗಿಬಿದ್ದಿದ್ದು ಯಾಕೆ?

ಒಂದೇ ಮಾತಲ್ಲಿ ಹೇಳುವುದಾದರೆ, ಬೀಜಕ್ಕಾಗಿ.

ಜಾಗತೀಕರಣ ತಾನಾಗಿ ಬಂದದ್ದಲ್ಲ. ಅದರ ನಿಯಮಗಳನ್ನು ರೂಪಿಸುವಲ್ಲಿ ಕಂಪನಿಗಳ ಕೈ ಇತ್ತು. 1986ರಲ್ಲಿ ಫೈಜರ್, ಐಬಿಎಂ, ಮೊನ್ಸಾಂಟೊದಂಥ ಅಮೆರಿಕದ ಕಂಪನಿಗಳು ಒಂದು ಕೂಟ ಕಟ್ಟಿಕೊಂಡವು. ಪೇಟೆಂಟ್ ಹಕ್ಕನ್ನು ವ್ಯಾಪಾರ ಒಪ್ಪಂದದೊಳಗೇ ಸೇರಿಸಬೇಕು ಎಂದು ಗ್ಯಾಟ್ (ದೇಶಗಳ ನಡುವಿನ ವ್ಯಾಪಾರ ಒಪ್ಪಂದ) ಮಾತುಕತೆಯಲ್ಲಿ ಒತ್ತಡ ತಂದವು. ಸೇರಿಸಿಯೂ ಬಿಟ್ಟರು. 1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆ ಶುರುವಾದಾಗ ಸಸ್ಯ ತಳಿ ರೂಪಿಸಿದವರ ಹಕ್ಕಿಗೂ ಸದಸ್ಯ ದೇಶಗಳು ಯಾವುದಾದರೂ ಬಗೆಯ ರಕ್ಷಣೆ ಕೊಡಲೇಬೇಕಾಯಿತು.

ಅಜ್ಜನ ಕಾಲದಿಂದ ಕಣಜದಲ್ಲಿ ಬೀಜ ಎತ್ತಿಟ್ಟು, ಪಕ್ಕದ ಮನೆಗೂ ಕೊಡುತ್ತಿದ್ದ ರೈತನಿಗೆ ಇದರ ಅರ್ಥ ಏನು? ನಾಳೆ ಅದಕ್ಕೂ ಯಾರದೋ ಅನುಮತಿ ಬೇಕಾದೀತು ಎಂಬ ಭಯ. ಆ ಭಯ ಸುಮ್ನೆ ಹುಟ್ಟಿದ್ದಲ್ಲ.

ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ಇದನ್ನು ಬೇಗ ಗುರುತಿಸಿತು. 1992ರ ಡಿಸೆಂಬರ್‌ನಲ್ಲಿ ರೈತರು ಅಮೆರಿಕದ ಕೃಷಿ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟರು. ಮುಂದಿನ ವರ್ಷ ಬಳ್ಳಾರಿಯಲ್ಲಿ ಅದೇ ಕಂಪನಿ ಕಟ್ಟುತ್ತಿದ್ದ ಬೀಜ ಘಟಕವನ್ನು ಒಡೆದರು. 1998ರಲ್ಲಿ ರಾಯಚೂರು ಕಡೆ ಪ್ರಯೋಗಕ್ಕೆ ಬೆಳೆದಿದ್ದ ಬಿಟಿ ಹತ್ತಿಯನ್ನು (ಹುಳು ತಡೆಯಲು ವಂಶವಾಹಿ ಬದಲಿಸಿದ ಹತ್ತಿ) ಕಿತ್ತು ಬೆಂಕಿಗೆ ಹಾಕಿದರು. 1999ರಲ್ಲಿ ನೂರಾರು ರೈತರು ಯೂರೋಪಿಗೇ ಹೋಗಿ ಪ್ರತಿಭಟಿಸಿದರು. ಆಸ್ತಿ ಒಡೆದದ್ದು ಸರಿಯೇ ಎಂದು ಕೇಳುವವರಿದ್ದಾರೆ. ನನಗೂ ಅದು ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ನ್ಯಾಯವಾದದ್ದೇ ಅಲ್ವಾ?

ಬಿಟಿ ಹತ್ತಿ ನಿಲ್ಲಲಿಲ್ಲ, 2002ರಲ್ಲಿ ಅನುಮತಿ ಸಿಕ್ಕಿತು. ಆದರೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಬೀಜ ಉಳಿಸುವ, ಹಂಚುವ, ಮಾರುವ ಹಕ್ಕು ರೈತನಿಗೇ ಉಳಿಯಿತು. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ.