ಗೋಲು ಹೊಡೆದವನ ಹೆಸರೇ ಇಲ್ಲವಲ್ಲ!

ಪ್ರಿಯರೇ,

‘ಬರಿಗಾಲ ಬಂಗಾರದ ದಿನಗಳು’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಭಾರತ ಫುಟ್‌ಬಾಲ್ ತಂಡದ ಇತಿಹಾಸವನ್ನು 1948ರಿಂದ ಇಂದಿನವರೆಗೆ ಹದಿನಾಲ್ಕು ಪುಟಗಳಲ್ಲಿ ಹೇಳಿದ್ದೀರಿ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ‘ಸ್ಥಳಾಭಾವದಿಂದ ವಿಷಾದಿಸುತ್ತೇವೆ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದು ಸುಳ್ಳು. ಸ್ಥಳ ಬೇಕಾದಷ್ಟಿದೆ, ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ಬರೆಯುವವರೇ ಸಿಗುವುದಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ನಿಮ್ಮ ಮೊದಲ ವಾಕ್ಯ ಹೀಗಿದೆ: ‘ಅಂದು ಲಂಡನ್ನಿನ ನೆಲ ನಡುಗಿತು, ಭಾರತಾಂಬೆಯ ಕುವರರು ಬರಿಗಾಲಲ್ಲೇ ಸಿಂಹಗಳಂತೆ ಘರ್ಜಿಸಿದರು.’ ಸಿಂಹಗಳು ಘರ್ಜಿಸಿದ ಆ ಒಲಿಂಪಿಕ್ಸ್ ಪಂದ್ಯವನ್ನು ನಾವು ಫ್ರಾನ್ಸ್ ಎದುರು 2-1ರಿಂದ ಸೋತೆವು. ಅಂದು 1948ರ ಜುಲೈ 31. ಲಂಡನ್ನಿನ ಪೂರ್ವದಂಚಿನ ಇಲ್ಫರ್ಡ್ ಎಂಬಲ್ಲಿದ್ದ ಕ್ರಿಕಲ್‌ಫೀಲ್ಡ್ ಎಂಬ ಸಾಧಾರಣ ಮೈದಾನ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ನಾಯಕ ನಾಗಾ ನಾಡಿನ ತಾಲಿಮೆರೆನ್ ಆವೊ, ಮುಂದೆ ವೈದ್ಯರಾದವರು. ನಮಗೆ ಎರಡು ಪೆನಾಲ್ಟಿ ಸಿಕ್ಕಿದವು, ಎರಡೂ ಕೈತಪ್ಪಿದವು, ಕಾಲುತಪ್ಪಿದವು ಎನ್ನಬೇಕೇನೋ. ಒಂದನ್ನು ಒದ್ದವರು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾಬೀರ್ ಪ್ರಸಾದ್. ಪಂದ್ಯ ಮುಗಿಯಲು ಇನ್ನೇನು ಒಂದು ನಿಮಿಷ ಎನ್ನುವಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆಯಿತು. ಈ ವಿವರಗಳಲ್ಲಿ ಯಾವುದಾದರೂ ಒಂದನ್ನು ನಿಮ್ಮ ಸಿಂಹಗಳ ಜಾಗದಲ್ಲಿಟ್ಟು ಓದಿ ನೋಡಿ. ಎರಡು ಪೆನಾಲ್ಟಿ ತಪ್ಪಿಸಿಕೊಂಡು ಒಂದೇ ಗೋಲಿನಿಂದ ಸೋತ ಹನ್ನೊಂದು ಜನರ ಹೊಟ್ಟೆಯ ಸಂಕಟ ಓದುಗನಿಗೆ ತಾನಾಗಿಯೇ ತಟ್ಟುತ್ತದೆ. ಭಾರತಾಂಬೆಯನ್ನು ಕರೆತರಬೇಕಾಗಿಲ್ಲ.

ಅದೇ ಪುಟದಲ್ಲಿ, ‘ದಕ್ಷಿಣ ಭಾರತದ ಆಟಗಾರನೊಬ್ಬ ಸಮಬಲ ಸಾಧಿಸಿಕೊಟ್ಟ’ ಎಂದು ಬರೆದಿದ್ದೀರಿ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಆತನಿಗೆ ಹೆಸರಿಲ್ಲವೇ? ಸಾರಂಗಪಾಣಿ ರಾಮನ್. ಆಗಿನ ಮೈಸೂರು ರಾಜ್ಯದ ತಂಡಕ್ಕೆ ಆಡುತ್ತಿದ್ದವರು. ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಎಪ್ಪತ್ತನೆಯ ನಿಮಿಷದಲ್ಲಿ ಅವರ ಕಾಲಿನಿಂದ ಬಂತು. ನಾಲ್ಕು ವರ್ಷ ಬಿಟ್ಟು ಹೆಲ್ಸಿಂಕಿಯಲ್ಲಿ ನಮ್ಮ ಪಾಲಿಗೆ ಬಂದ ಒಂದೇ ಒಂದು ಗೋಲು ಅಹ್ಮದ್ ಖಾನ್ ಅವರದು, ಅವರು ಬೆಂಗಳೂರಿನವರೇ. ಕನ್ನಡದ ಓದುಗರಿಗೆ ಬರೆಯುತ್ತಾ, ಬೆಂಗಳೂರಿನಲ್ಲೇ ಕುಳಿತು ಬರೆಯುತ್ತಾ, ನೀವು ಇವರನ್ನು ‘ದಕ್ಷಿಣ ಭಾರತದ ಆಟಗಾರ’ ಎಂದರೆ ಹೇಗೆ? ಗೌತಮಪುರದಲ್ಲಿ ಪೆಲೆಗೆ ಪ್ರತಿಮೆ ನಿಲ್ಲಿಸಿದ ಊರು ಇದು. ರಾಮನ್ ಅವರಿಗೆ ಒಂದು ಪ್ಯಾರಾ ಕೊಟ್ಟರೆ ನಿಮ್ಮ ಗಂಟೇನೂ ಹೋಗುವುದಿಲ್ಲ. ಆ ತಂಡದ ಗೋಲ್‌ಕೀಪರ್‌ಗಳಲ್ಲಿ ಒಬ್ಬರ ಹೆಸರು ಸಂಜೀವ ಉಚ್ಚಿಲ್. ಹೆಸರು ಕೇಳಿದರೇ ಕರಾವಳಿಯವರ ಕಿವಿ ನೆಟ್ಟಗಾಗುತ್ತದೆ. ಆ ಎಳೆ ಹಿಡಿದು ಹೋಗಿ, ಏನಾದರೂ ಸಿಕ್ಕೀತು.

ಐದನೆಯ ಪುಟದ ಒಂದು ವಾಕ್ಯಕ್ಕೆ ಕೆಂಪು ಶಾಯಿ ಬಿದ್ದಿದೆ: ‘ಅರ್ಹತಾ ಸುತ್ತಿನಲ್ಲಿ ಮೂರು ರಾಷ್ಟ್ರಗಳನ್ನು ಬಗ್ಗುಬಡಿದ ಭಾರತವನ್ನು, ಬೂಟಿಲ್ಲ ಎಂಬ ಒಂದೇ ಕಾರಣಕ್ಕೆ ಫಿಫಾ 1950ರ ವಿಶ್ವಕಪ್‌ನಿಂದ ಹೊರದಬ್ಬಿತು.’ ಒಂದೇ ವಾಕ್ಯದಲ್ಲಿ ಎರಡು ತಪ್ಪು. ಬಗ್ಗುಬಡಿಯಲು ಎದುರಿಗೆ ಯಾರೂ ಇರಲೇ ಇಲ್ಲ. ಬರ್ಮಾ, ಇಂಡೊನೇಷ್ಯಾ, ಫಿಲಿಪೀನ್ಸ್ ಮೂರೂ ಹಿಂದೆ ಸರಿದದ್ದರಿಂದ ಒಂದು ಪಂದ್ಯವನ್ನೂ ಆಡದೆ ನಮಗೆ ಅವಕಾಶ ಸಿಕ್ಕಿತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿಗೆ ಸೇರಿಸಿದ್ದರು. ಹೋಗದೆ ಉಳಿದವರು ನಾವೇ. ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ, ಅಭ್ಯಾಸಕ್ಕೆ ಸಮಯ ಸಾಲದು ಎಂದು ನಮ್ಮ ಫುಟ್‌ಬಾಲ್ ಫೆಡರೇಷನ್ ಕಾರಣ ಕೊಟ್ಟಿತು. ಪ್ರಯಾಣದ ಖರ್ಚಿನ ಬಹುಪಾಲನ್ನು ಹೊರಲು ಬ್ರೆಜಿಲ್‌ನವರು ಮುಂದೆ ಬಂದಿದ್ದರು, ಆದ್ದರಿಂದ ಹಣದ ನೆಪವೂ ಪೂರ್ತಿ ನಿಲ್ಲುವುದಿಲ್ಲ. ನಮಗೆ ಒಲಿಂಪಿಕ್ಸೇ ಸರ್ವಸ್ವವಾಗಿತ್ತು, ವಿಶ್ವಕಪ್ ಅಂಥ ದೊಡ್ಡದೆಂದು ಅನಿಸಿರಲಿಲ್ಲ ಎಂಬ ಅರ್ಥದ ಮಾತನ್ನು ಶೈಲೇನ್ ಮನ್ನಾ ಬಹಳ ವರ್ಷಗಳ ನಂತರ ಆಡಿದರು. ಬರಿಗಾಲೇ ಅಡ್ಡಿಯಾಗಿದ್ದರೆ 1948ರಲ್ಲಿ ಆಗಬೇಕಿತ್ತು, 1952ರಲ್ಲಿಯೂ ಆಗಬೇಕಿತ್ತು. ಎರಡೂ ಸಲ ಯಾರೂ ತಡೆಯಲಿಲ್ಲ.

ಬೂಟಿನ ಕಥೆ ಕೇಳಲು ಚೆನ್ನಾಗಿದೆ, ಒಪ್ಪುತ್ತೇನೆ. ತಪ್ಪನ್ನೆಲ್ಲ ದೂರದ ಫಿಫಾ ಮೇಲೆ ಹೊರಿಸಿ ನಾವು ಹಾಯಾಗಿ ಇರಬಹುದು. ಆದರೆ ಅವಕಾಶ ಮನೆಬಾಗಿಲಿಗೆ ಬಂದಾಗ ಕದ ತೆರೆಯುವಷ್ಟು ಕುತೂಹಲವೂ ಇರಲಿಲ್ಲ ಎಂಬ ನಿಜ ಇನ್ನೂ ಒಳ್ಳೆಯ ಕಥೆ. ನೀವು ಅದನ್ನು ಬಿಟ್ಟುಕೊಟ್ಟಿದ್ದೀರಿ.

ಇನ್ನು ನಿಮ್ಮ ‘ಸುವರ್ಣಯುಗ’. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನ್ ಸೋತದ್ದನ್ನು ಬರೆದಿದ್ದೀರಿ. ಲಂಡನ್ನಿನಲ್ಲಿ ಪೆನಾಲ್ಟಿ ತಪ್ಪಿಸಿಕೊಂಡ ಅದೇ ಮನ್ನಾ ಅಂದು ನಾಯಕರಾಗಿದ್ದರು ಎಂಬುದನ್ನು ಬರೆದಿಲ್ಲ. ಅಲ್ಲಿಂದ ಒಂದೇ ನೆಗೆತಕ್ಕೆ 1956ಕ್ಕೆ ಹಾರಿದ್ದೀರಿ. ನಡುವೆ ಹೆಲ್ಸಿಂಕಿ ಎಲ್ಲಿ ಹೋಯಿತು? ಏಷ್ಯಾದ ಚಾಂಪಿಯನ್ನರು ಮರುವರ್ಷವೇ ಯುಗೊಸ್ಲಾವಿಯ ಎದುರು 10-1ರಿಂದ ಸೋತರು. ಆ ಹೊಡೆತದ ನಂತರವೇ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು. ‘ಬರಿಗಾಲ ಬಂಗಾರ’ ಎಂದು ತಲೆಬರಹ ಕೊಟ್ಟು, ಬರಿಗಾಲು ಮುಗಿದ ಪಂದ್ಯವನ್ನೇ ನುಂಗಿಬಿಟ್ಟರೆ ಓದುಗ ನಿಮ್ಮನ್ನು ಯಾಕೆ ನಂಬಬೇಕು?

ನನ್ನದೊಂದು ಸಲಹೆ. ಯುಗೊಸ್ಲಾವಿಯವನ್ನೇ ಅಳತೆಗೋಲು ಮಾಡಿಕೊಳ್ಳಿ. ನಾಲ್ಕು ವರ್ಷದ ನಂತರ ಮೆಲ್ಬರ್ನ್ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ನಮ್ಮ ಎದುರಿಗೆ ನಿಂತವರೂ ಅವರೇ. ಮಧ್ಯಂತರದವರೆಗೆ ಗೋಲಿಲ್ಲ. 52ನೆಯ ನಿಮಿಷದಲ್ಲಿ ನೆವಿಲ್ ಡಿಸೋಜ ಗೋಲು ಹೊಡೆದರು, ಭಾರತ ಮುಂದೆ! ಆ ಮುನ್ನಡೆ ಉಳಿದದ್ದು ಎರಡು-ಮೂರು ನಿಮಿಷ ಅಷ್ಟೇ. ಕೊನೆಗೆ 4-1. ಹತ್ತು ಗೋಲಿನಿಂದ ನಾಲ್ಕು ಗೋಲಿಗೆ ಬಂದೆವು ಎಂಬ ಲೆಕ್ಕಕ್ಕಿಂತ, ಆ ಎರಡು-ಮೂರು ನಿಮಿಷ ಬರೆಯಲು ಎಷ್ಟು ಚೆನ್ನಾಗಿದೆ ನೋಡಿ. ಅದಕ್ಕೂ ಮೊದಲು ಆಸ್ಟ್ರೇಲಿಯವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿದ್ದೆವು. ಅದರಲ್ಲಿ ನೆವಿಲ್ ಅವರದು ಹ್ಯಾಟ್ರಿಕ್. ಒಲಿಂಪಿಕ್ಸ್ ಫುಟ್‌ಬಾಲ್‌ನ ಸೆಮಿಫೈನಲ್ ತಲುಪಿದ ಮೊದಲ ಏಷ್ಯಾ ತಂಡ ನಮ್ಮದು. ಇದನ್ನು ಹೆಮ್ಮೆಯಿಂದಲೇ ಬರೆಯಿರಿ. ಜೊತೆಗೆ, ಹಂಗೆರಿ ಬಾರದೆ ಮೊದಲ ಸುತ್ತು ಪುಕ್ಕಟೆ ಸಿಕ್ಕಿತ್ತು, ಆ ಕೂಟದಲ್ಲಿ ನಾವು ಮೈದಾನದಲ್ಲಿ ಗೆದ್ದದ್ದು ಒಂದೇ ಪಂದ್ಯ, ಕಂಚಿನ ಪಂದ್ಯದಲ್ಲಿ ಬಲ್ಗೇರಿಯ ಎದುರು 3-0ರಿಂದ ಸೋತೆವು ಎಂಬುದನ್ನೂ ಬರೆಯಿರಿ. ಹೆಮ್ಮೆಗೇನೂ ಮುಕ್ಕಾಗುವುದಿಲ್ಲ.

ಜಕಾರ್ತಕ್ಕೆ ಮೂರೇ ಸಾಲು ಕೊಟ್ಟಿದ್ದೀರಿ! ನನ್ನನ್ನು ಕೇಳಿದರೆ ಹದಿನಾಲ್ಕು ಪುಟವನ್ನೂ ಅದಕ್ಕೇ ಕೊಡಬಹುದಿತ್ತು. 1962ರ ಏಷ್ಯನ್ ಕ್ರೀಡಾಕೂಟಕ್ಕೆ ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಇಂಡೊನೇಷ್ಯಾ ಬರಗೊಡಲಿಲ್ಲ. ಹಾಗಿದ್ದ ಮೇಲೆ ಇದನ್ನು ಏಷ್ಯನ್ ಕೂಟ ಎನ್ನುವುದು ಹೇಗೆ ಎಂದು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಆಕ್ಷೇಪ ಎತ್ತಿದರು. ಊರಿಗೆ ಊರೇ ನಮ್ಮ ಮೇಲೆ ತಿರುಗಿಬಿತ್ತು, ರಾಯಭಾರ ಕಚೇರಿಯ ಮೇಲೆ ದಾಳಿಯಾಯಿತು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಕ್ರೀಡಾಂಗಣ ತುಂಬ ಭಾರತದ ವಿರುದ್ಧ ಕೂಗುವ ಜನ. ಎದುರಾಳಿ ದಕ್ಷಿಣ ಕೊರಿಯಾ, ಮೊದಲ ಸುತ್ತಿನಲ್ಲಿ ನಮ್ಮನ್ನು 2-0ರಿಂದ ಸೋಲಿಸಿದ್ದ ತಂಡ. ನಮ್ಮ ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಆದರೂ ಕೋಚ್ ಸೈಯದ್ ಅಬ್ದುಲ್ ರಹೀಂ ಜರ್ನೈಲ್ ಅವರನ್ನು ಹೊರಗೆ ಕೂರಿಸಲಿಲ್ಲ, ಹಿಂದೆಯೂ ನಿಲ್ಲಿಸಲಿಲ್ಲ. ಸೆಮಿಫೈನಲ್‌ನಿಂದಲೇ ಸೆಂಟರ್ ಫಾರ್ವರ್ಡ್ ಮಾಡಿ ಮುಂದಕ್ಕೆ ಕಳಿಸಿದರು. ಗೋಲು ತಡೆಯುವವನನ್ನು ಗೋಲು ಹೊಡೆಯಲು ಕಳಿಸುವ ಧೈರ್ಯ ನೋಡಿ. ಫೈನಲ್‌ನಲ್ಲಿ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. 2-1. ರಹೀಂ ಹೈದರಾಬಾದಿನಲ್ಲಿ ಶಾಲಾ ಮಾಸ್ತರರಾಗಿದ್ದವರು. ಆ ಹೊತ್ತಿಗಾಗಲೇ ಅವರಿಗೆ ಕ್ಯಾನ್ಸರ್ ಇತ್ತು, ಮುಂದಿನ ಜೂನ್‌ನಲ್ಲಿ ತೀರಿಕೊಂಡರು. ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ನೀವು ‘ಮತ್ತೊಮ್ಮೆ ಚಿನ್ನಕ್ಕೆ ಮುತ್ತಿಟ್ಟ ಭಾರತ’ ಎಂದು ಮುಗಿಸಿದ್ದೀರಲ್ಲ, ಏನನ್ನಲಿ.

ಅವನತಿಗೆ 1983ರ ಕ್ರಿಕೆಟ್ ವಿಶ್ವಕಪ್ ಕಾರಣ ಎಂಬ ನಿಮ್ಮ ವಾದ ನಿಲ್ಲುವುದಿಲ್ಲ. ನಾವು ಕೊನೆಯ ಸಲ ಒಲಿಂಪಿಕ್ಸ್ ಫುಟ್‌ಬಾಲ್ ಆಡಿದ್ದು 1960ರಲ್ಲಿ, ಏಷ್ಯನ್ ಕ್ರೀಡಾಕೂಟದ ಕೊನೆಯ ಪದಕ 1970ರ ಕಂಚು. ಕಪಿಲ್ ದೇವ್ ಕಪ್ ಎತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು. ದೇಶದೊಳಗೆ ಬಹುಕಾಲ 70 ನಿಮಿಷದ ಪಂದ್ಯ ಆಡಿಸಿ, ಹೊರಗೆ ಹೋಗಿ 90 ನಿಮಿಷ ಓಡಿ ಎಂದರೆ ಕಾಲು ಎಲ್ಲಿಂದ ಬರಬೇಕು? ರಾಷ್ಟ್ರೀಯ ಲೀಗ್ ಎಂಬುದು ಶುರುವಾದದ್ದೇ 1996ರಲ್ಲಿ. ಕಾರಣ ಹುಡುಕುವುದಾದರೆ ಇಂಥ ಕಡೆ ಹುಡುಕಿ. ಕ್ರಿಕೆಟ್ಟನ್ನು ಬೈಯುವುದು ನಮ್ಮೆಲ್ಲರಿಗೂ ಬಹಳ ಸಲೀಸು.

ಕೊನೆಯ ನಾಲ್ಕು ಪುಟ ಸುನಿಲ್ ಚೆಟ್ರಿ ಅವರ ಗೋಲುಗಳ ಪಟ್ಟಿ. ಅದು ಯಾರಿಗೆ ಬೇಕಾದರೂ ಮೊಬೈಲಿನಲ್ಲಿ ಸಿಗುತ್ತದೆ, ಅರ್ಧ ಪುಟಕ್ಕೆ ಇಳಿಸಿ. 2015ರಲ್ಲಿ ಗುವಾಮ್ ಎಂಬ ಪುಟ್ಟ ದ್ವೀಪದ ಎದುರು ಸೋತದ್ದು, ಅದೇ ವರ್ಷ ರ‍್ಯಾಂಕಿಂಗ್‌ನಲ್ಲಿ 173ಕ್ಕೆ ಕುಸಿದದ್ದು ಇರಲಿ. 2023ರ ಜುಲೈನಲ್ಲಿ ಕಂಠೀರವದಲ್ಲಿ ಕುವೈತ್ ಎದುರಿನ ಸ್ಯಾಫ್ (ದಕ್ಷಿಣ ಏಷ್ಯಾ ಕೂಟ) ಫೈನಲ್ ಪೆನಾಲ್ಟಿಗೆ ಹೋಗಿ, ಕೊನೆಯ ಒದೆತವನ್ನು ನಮ್ಮ ಗೋಲ್‌ಕೀಪರ್ ಗುರುಪ್ರೀತ್ ತಡೆದದ್ದೂ ಇರಲಿ. ಅಂದು ಸ್ಟ್ಯಾಂಡಿನಲ್ಲಿ ಇದ್ದೆ ಎಂದು ಬರೆದಿದ್ದೀರಿ. ಏನು ಕಂಡಿರಿ ಎಂದು ಮಾತ್ರ ಹೇಳಿಲ್ಲ. ‘ಮುಂದಿನ ವಿಶ್ವಕಪ್ ನಮ್ಮದೇ’ ಎಂಬ ಕೊನೆಯ ಸಾಲನ್ನು ನಾನೇ ಹೊಡೆದುಹಾಕಿದ್ದೇನೆ, ಬೇಸರಿಸಬೇಡಿ.

ಇಷ್ಟೆಲ್ಲ ಬೈದ ಮೇಲೆ, ಈ ಪತ್ರ ಬರೆಯಲು ಕಾರಣವಾದ ಸಾಲನ್ನು ಹೇಳುತ್ತೇನೆ. ಒಂಬತ್ತನೆಯ ಪುಟದಲ್ಲಿ, ಆವರಣದೊಳಗೆ, ನಾಚಿಕೊಂಡಂತೆ ಬರೆದಿದ್ದೀರಿ: ‘ನನ್ನ ಅಜ್ಜನೂ ಕಾರ್ಖಾನೆಯ ತಂಡದಲ್ಲಿ ಬರಿಗಾಲಲ್ಲಿ ಆಡುತ್ತಿದ್ದರು, ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿಲ್ಲ.’ ಹದಿನಾಲ್ಕು ಪುಟಗಳಲ್ಲಿ ನೀವು ಕಣ್ಣಾರೆ ನೋಡಿ ಬರೆದದ್ದು ಇದೊಂದೇ. ಹಾಗೆಂದು ಅಜ್ಜನ ನೆನಪಿನ ಲೇಖನ ಬರೆಯಬೇಡಿ, ಅಂಥವು ನನ್ನ ಮೇಜಿನ ಮೇಲೆ ರಾಶಿ ಬಿದ್ದಿವೆ. ಅವರನ್ನು ಸಾಕ್ಷಿಯಂತೆ ಕೂರಿಸಿಕೊಂಡು ಪ್ರಶ್ನೆ ಕೇಳಿ. ಬರಿಗಾಲಲ್ಲಿ ಚೆಂಡಿನ ಮೇಲೆ ಹಿಡಿತ ನಿಜಕ್ಕೂ ಹೆಚ್ಚೇ? ಪಾದಕ್ಕೆ ಬ್ಯಾಂಡೇಜು ಹೇಗೆ ಸುತ್ತುತ್ತಿದ್ದರು, ಹೆಬ್ಬೆರಳನ್ನು ಬಿಟ್ಟೋ ಸೇರಿಸಿಯೋ? ಎದುರಿನವನ ಕಾಲಲ್ಲಿ ಬೂಟಿದ್ದರೆ ಟ್ಯಾಕಲ್ ಮಾಡಲು ಹೋಗುತ್ತಿದ್ದರೋ, ಹಿಂಜರಿಯುತ್ತಿದ್ದರೋ? ಅವರ ಉತ್ತರ ಹಿಡಿದು ಇಲ್ಫರ್ಡ್‌ಗೂ ಹೆಲ್ಸಿಂಕಿಗೂ ಹೋದರೆ ‘ಬರಿಗಾಲ ವೀರರು’ ಎಂಬ ಮಾತಿನ ಅಗತ್ಯವೇ ಬೀಳುವುದಿಲ್ಲ.

ಹೊಸದಾಗಿ ಬರೆಯುವಾಗ 1,800 ಪದ ಮೀರಬೇಡಿ. ಒಂದೇ ಹೆಸರನ್ನು ಮೂರು ಕಡೆ ಮೂರು ರೀತಿ ಬರೆಯಬೇಡಿ. ನಿಮ್ಮ ಪ್ರತಿಯಲ್ಲಿ ಜರ್ನೈಲ್, ಜರನೇಲ್, ಜನರಲ್ ಸಿಂಗ್ ಎಂಬ ಮೂವರಿದ್ದಾರೆ. ಅಂತರ್ಜಾಲದಿಂದ ಇಳಿಸಿ ಕಳಿಸಿದ ಚಿತ್ರಗಳನ್ನು ನಾವು ಮುದ್ರಿಸುವಂತಿಲ್ಲ. ಅಜ್ಜನವರ ತಂಡದ ಹಳೆಯ ಗುಂಪುಚಿತ್ರ ಏನಾದರೂ ಇದ್ದರೆ ಕಳಿಸಿ, ಹಿಂದೆ ಬರೆದಿರುವ ಹೆಸರುಗಳ ಸಮೇತ. ಮತ್ತೊಂದು ಮರೆತಿದ್ದೆ: ಆಗಿನ ಚರ್ಮದ ಚೆಂಡು ಮಳೆಯಲ್ಲಿ ನೆನೆದು ಕಲ್ಲಿನಂತಾಗುತ್ತಿತ್ತು. ಆ ಹೆಬ್ಬೆರಳಿನ ಉಗುರು ಹೋದದ್ದು ಅಂಥ ಚೆಂಡಿಗೋ, ಯಾರದೋ ಬೂಟಿಗೋ, ಕೇಳಿ ಬರೆಯಿರಿ.

ಇಂತು,
ಸಂಪಾದಕ